ಎರಡು ಕೀಲಿಯ ಖೋಲಿ

ಒದ್ದೆ ಕಾಗದದ ವಾಸನೆಯೆಲ್ಲ ಒಂದೇ ಎಂದುಕೊಂಡವರಿಗೆ ನಾನು ಹೇಳುವುದು ಅರ್ಥವಾಗಲಿಕ್ಕಿಲ್ಲ. ದಿನಪತ್ರಿಕೆ ನೆನೆದರೆ ಮಣ್ಣಿನ ಹಾಗೆ ನಾರುತ್ತದೆ. ಬಣ್ಣದ ಚಿತ್ರಗಳಿರುವ ನುಣುಪು ಹಾಳೆಯ ನಿಯತಕಾಲಿಕ, ಅದೂ ಮೈದಾ ಅಂಟು ಹಾಕಿ ದಪ್ಪ ರಟ್ಟು ಕಟ್ಟಿಸಿದ್ದು ನೆನೆದರೆ ಬೇರೆಯೇ ವಾಸನೆ. ಸುಣ್ಣ, ಹುಳಿ ಬಂದ ಹಿಟ್ಟು, ಹುಳ ಬೀಳದಿರಲೆಂದು ಅಂಟಿನಲ್ಲಿ ಕಲಸಿದ ಮೈಲುತುತ್ತದ ಕಹಿ. ಹೋದ ಮಳೆಗಾಲ ಖಾನಾಪುರದಲ್ಲಿ ಕಸ್ತೂರಿಯ ಕಾಲೇಜಿನ ಗ್ರಂಥಾಲಯಕ್ಕೆ ಕಾಲಿಡುವಾಗ ಆ ವಾಸನೆ ಬಂತು. ಎಲ್ಲೋ ಒಂದು ಹನಿ ತೊಟ್ಟಿಕ್ಕುತ್ತಿತ್ತು. ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ.

"ಒಳಗ ಬರ್ರಿ ಬಾಯಾರ," ಎಂದಳು ಕಸ್ತೂರಿ. ಒಂದು ಕಾಲಕ್ಕೆ ಅವಳು ನನ್ನ ವಿದ್ಯಾರ್ಥಿನಿ, ಈಗ ಅಲ್ಲಿ ಅಧ್ಯಾಪಕಿ. ನಾನು ಕದಲದ್ದನ್ನು ನೋಡಿ ಮೂಲೆಯತ್ತ ಕೈ ತೋರಿಸಿದಳು. "ಅಲ್ಲಿ ಒಂದು ಹಂಚು ಸರದೈತ್ರಿ. ಮುಂಜಾನೆನ ಗೌಂಡಿಗೆ ಹೇಳಿ ಕಳಸೇನಿ. ಇಷ್ಟೊತ್ತಿಗೆ ಬರಬೇಕಾಗಿತ್ತು."

ನಾನು ಏನನ್ನೂ ಕೇಳಿರಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ.

ಆ ವಾಸನೆಯ ಇನ್ನೊಂದು ಮಳೆಗಾಲ ಎಪ್ಪತ್ತರ ದಶಕ ಮುಗಿಯುತ್ತ ಬಂದಾಗಿನದು. ಬೆಳಗಾವಿಯಲ್ಲಿ, ಟಿಳಕವಾಡಿಯ ಕಡೆಗೆ, ರೈಲಿನ ಗೇಟು ಬಿದ್ದಾಗೆಲ್ಲ ಪಾಠ ನಿಲ್ಲಿಸಬೇಕಾಗುತ್ತಿದ್ದ ಒಂದು ಕಾಲೇಜಿನಲ್ಲಿ ನಾನು ಸಸ್ಯಶಾಸ್ತ್ರ ಕಲಿಸುತ್ತಿದ್ದೆ. ಅಲ್ಲಿಯ ಗ್ರಂಥಾಲಯದ ಮೇಲೆ, ಹಂಚಿನ ಮಾಡಿಗೆ ತಲೆ ತಾಗುವ ಹಾಗೆ ಒಂದು ಕಟ್ಟಿಗೆಯ ಅಟ್ಟ. ಕಡಿದಾದ ಮೆಟ್ಟಿಲು ಹತ್ತಿದರೆ ಒಂದು ಸಣ್ಣ ಚೌಕ, ಅದರಾಚೆ ಒಂದು ಉದ್ದನೆಯ ಖೋಲಿ. ಒಂದೊಂದು ವರ್ಷದ ಸಂಚಿಕೆಗಳನ್ನೆಲ್ಲ ಸೇರಿಸಿ ರಟ್ಟು ಕಟ್ಟಿಸಿದ ನಿಯತಕಾಲಿಕಗಳು ಆ ಖೋಲಿಯಲ್ಲಿ ಇರುತ್ತಿದ್ದವು. ಆಳೆತ್ತರಕ್ಕಿಂತ ಎತ್ತರದ ಕಟ್ಟಿಗೆಯ ಕಪಾಟುಗಳು, ಒಂದರ ಹಿಂದೆ ಒಂದು. ತುದಿಯಲ್ಲಿ ಕಿಟಕಿ, ಅದರ ಕೆಳಗೆ ಒಂದು ಮೇಜು. ವರ್ಷಾನುಗಟ್ಟಲೆ ಆ ಖೋಲಿಗೆ ಓದುವವರು ಯಾರೂ ಹೋಗುವಂತಿರಲಿಲ್ಲ. ಕೆಳಗೆ ಚೀಟಿ ಬರೆದು ಕೊಡಬೇಕು, ಜವಾನ ಪರಶುರಾಮ ಮೇಲೆ ಹೋಗಿ ತಂದರೆ ತಂದ, ಇಲ್ಲವಾದರೆ "ಇಲ್ಲ" ಎಂಬ ಉತ್ತರ.

ಇದನ್ನು ಬದಲಿಸಬೇಕೆಂದು ಹಟ ಹಿಡಿದವರು ಭೌತಶಾಸ್ತ್ರದ ಮುಖ್ಯಸ್ಥರಾಗಿದ್ದ ಹಿರೇಮಠ ಸರ್. ಹಣೆಯ ಮೇಲೆ ವಿಭೂತಿ, ಅಂಗಳ ದಾಟಿ ಕೇಳುವ ದನಿ. ಬದಲಿಸಕೂಡದೆಂದು ಹಟ ಹಿಡಿದವರು ಗ್ರಂಥಪಾಲ ಚೌಗುಲೆಯವರು. ಸಣಕಲು ಮನುಷ್ಯ, ಸೊಂಟದಲ್ಲಿ ಕೀಲಿಕೈಗಳ ಗೊಂಚಲು. ಜೈನರಾದ್ದರಿಂದ ಹೊತ್ತು ಮುಳುಗುವುದರೊಳಗೆ ಮನೆ ಸೇರಿ ಉಣ್ಣಬೇಕು. ಮಳೆಗಾಲದಲ್ಲಿ ಮೋಡ ಕವಿದು ಹೊತ್ತೇ ತಿಳಿಯದಾಗ, ಯಾವುದಕ್ಕೂ ಇರಲೆಂದು ಇನ್ನಷ್ಟು ಬೇಗ ಗ್ರಂಥಾಲಯ ಮುಚ್ಚುತ್ತಿದ್ದರು. "ಚೌಗುಲೇರ ಊಟದ ಹೊತ್ತಿಗೆ ಜ್ಞಾನಕ್ಕೂ ಕೀಲಿ," ಎಂದು ಹಿರೇಮಠರು ಎಲ್ಲರ ಮುಂದೆ ಆಡಿಕೊಳ್ಳುತ್ತಿದ್ದರು. "ಹಸದ ಹೊಟ್ಟಿಲೆ ಯಾವ ಜ್ಞಾನ ಬರತೈತ್ರಿ?" ಎಂದು ಚೌಗುಲೆಯವರು ತಿರುಗಿ ಕೇಳುತ್ತಿದ್ದರು.

ಗ್ರಂಥಾಲಯ ಸಮಿತಿಯಲ್ಲಿ ನಾನೂ ಇದ್ದೆ. ಎಲ್ಲರಿಗಿಂತ ಕಿರಿಯಳೆಂದು ಚಹಾ ಹೇಳಿ ಕಳಿಸುವ ಕೆಲಸ ನನ್ನದು. ಆ ಜಗಳವನ್ನು ಎಷ್ಟು ಸಲ ಕೇಳಿದ್ದೇನೆಂದರೆ ಇಬ್ಬರ ಮಾತೂ ನನಗೆ ಬಾಯಿಪಾಠ.

"ಚೀಟಿ ಬರಿಬೇಕಂದ್ರ ಏನ ಬೇಕಂತ ಮೊದಲ ಗೊತ್ತಿರಬೇಕಲ್ರಿ?" ಎನ್ನುತ್ತಿದ್ದರು ಹಿರೇಮಠರು. "ಒಳಗ ಏನೈತಿ ಅಂತನ ಹುಡುಗರಿಗೆ ಗೊತ್ತಿಲ್ಲ. ಕಣ್ಣಿಗೆ ಅರಬಿ ಕಟಗೊಂಡು ಸಂತಿ ಮಾಡಂದ್ರ ಹೆಂಗ? ಕೈಯಾಡಿಸಿ ನೋಡಬೇಕು. ಒಂದು ಹುಡಕಾಕ ಹೋದವಗ ಇನ್ನೊಂದು ಸಿಗಬೇಕು. ಅದಕ್ಕ ಅಂತಾರ ಓದು."

ಚೌಗುಲೆಯವರು ಜೊತೆಗೆ ತಂದಿರುತ್ತಿದ್ದ ಒಂದು ಸಂಪುಟವನ್ನು ಮೇಜಿನ ಮೇಲೆ ಬಿಚ್ಚಿಡುತ್ತಿದ್ದರು. ಹಿಂದೊಮ್ಮೆ ಕೆಲವು ತಿಂಗಳು ಖೋಲಿಯನ್ನು ತೆರೆದಿಟ್ಟಾಗ ಯಾರೋ ಬ್ಲೇಡಿನಿಂದ ಚಿತ್ರಗಳನ್ನು ಕೊಯ್ದುಕೊಂಡು ಹೋಗಿದ್ದರು. ಹಾಳೆಗಳಲ್ಲಿ ಕಿಟಕಿಗಳ ಹಾಗೆ ಚೌಕ ತೂತುಗಳು. "ಕೈಯಾಡ್ಸ್ಯಾರ ನೋಡ್ರಿ," ಎನ್ನುತ್ತಿದ್ದರು. "ಸಂತ್ಯಾಗಿನ ಬದನಿಕಾಯಿ ಅಲ್ರಿ ಇದು, ಮುಂದಿನ ವಾರ ಮತ್ತ ಬರಾಕ. ಹ್ವಾದ್ರ ಹೋತು."

ಇಬ್ಬರ ಮಾತೂ ಖರೆ. ಒಬ್ಬರದಾದರೂ ಸುಳ್ಳಾಗಿದ್ದರೆ ಅವತ್ತೇ ಮುಗಿಯುತ್ತಿತ್ತು.

ನಮ್ಮ ಪ್ರಿನ್ಸಿಪಾಲರಿಗೆ ನಿವೃತ್ತಿ ಹತ್ತಿರ ಬಂದಿತ್ತು. ಗದ್ದಲವೊಂದು ಆಗಬಾರದು, ಅಷ್ಟೇ ಅವರ ಆಸೆ. ಮಳೆ ಶುರುವಾಗುವ ಮುಂಚಿನ ಸಭೆಯಲ್ಲಿ ಅವರು ಎರಡೂ ಕೈ ಎತ್ತಿ, "ಇಬ್ಬರದೂ ಆಗಲಿ," ಎಂದರು. ಆದದ್ದು ಹೀಗೆ: ಕಪಾಟುಗಳನ್ನು ತೆರೆದಿಡಬೇಕು, ಓದುವವರು ಖೋಲಿಯೊಳಗೆ ಹೋಗಿ ತಾವೇ ಹುಡುಕಿಕೊಳ್ಳಬಹುದು. ಆದರೆ ಅವರು ಒಳಗಿರುವಷ್ಟು ಹೊತ್ತು ಹೊರಗಿನಿಂದ ಕೀಲಿ ಹಾಕಿರಬೇಕು. ಅದಕ್ಕಾಗಿ ಹಳೆಯ ಬಾಗಿಲಿನ ಹಲಗೆ ತೆಗೆದು ಅದರ ಚೌಕಟ್ಟಿಗೇ ತಂತಿ ಜಾಳಗಿ ಬಡಿದರು, ಪರಶುರಾಮ ಹೊರಗಿನಿಂದ ಕಣ್ಣಿಡಲೆಂದು. ಬಾಗಿಲ ಪಕ್ಕ ಒಳಗಡೆ ಒಂದು ಹಗ್ಗ, ಹೊರಗಡೆ ಒಂದು ಹಿತ್ತಾಳೆಯ ಗಂಟೆ. ಓದಿ ಮುಗಿಸಿದವರು ತಾವು ತೆಗೆದ ಸಂಪುಟವನ್ನು ಅದು ಇದ್ದ ಜಾಗದಲ್ಲೇ ತಿರುಗಿ ಇಟ್ಟು, ಆಮೇಲೆ ಗಂಟೆ ಬಾರಿಸಬೇಕು. ಇಡದೆ ಬಾರಿಸಿದರೆ ಆ ವರ್ಷವಿಡೀ ಖೋಲಿಗೆ ಪ್ರವೇಶವಿಲ್ಲ.

ಇದನ್ನು ಈಗ ಯಾರಿಗಾದರೂ ಹೇಳಿದರೆ ನಗುತ್ತಾರೆ. ಅವತ್ತು ನಮ್ಮಲ್ಲಿ ಯಾರೂ ನಗಲಿಲ್ಲ. ಚಹಾ ಕುಡಿದು ಎದ್ದೆವು.

ಇಷ್ಟಕ್ಕೇ ನಿಂತಿದ್ದರೂ ನಡೆಯುತ್ತಿತ್ತೇನೋ. ಮರುವಾರ ಹಿರೇಮಠರು ರವಿವಾರ ಪೇಟೆಯಿಂದ ಒಂದು ದಪ್ಪ ಕೀಲಿ ತಂದರು. ಒತ್ತಿದರೆ ತಾನೇ ಬೀಳುವಂಥದ್ದು, ತೆಗೆಯಲು ಮಾತ್ರ ಕೀಲಿಕೈ ಬೇಕು. ಅದನ್ನು ಚೌಗುಲೆಯವರ ಕೀಲಿಯ ಕೆಳಗೆ ತೂಗುಹಾಕಿ, "ಅವರದು ಬಿದ್ರ ನಂದೂ ಬೀಳಬೇಕು," ಎಂದು ಪರಶುರಾಮನಿಗೆ ಹೇಳಿದರು. "ಅವರು ತಮ್ಮದು ತಗದು ಒಗದ ದಿನ ನಂದೂ ಒಗೀತೀನಿ." ಇದರ ಪೇಚಾಟ ನೋಡಿ ಚೌಗುಲೆಯವರು ನಾಚಿ ಕೀಲಿ ಬಿಟ್ಟುಬಿಡುತ್ತಾರೆ ಎಂದು ಅವರ ಲೆಕ್ಕ. ಚೌಗುಲೆಯವರು ಕೀಲಿಯನ್ನು ಎಳೆದು ನೋಡಿ, "ಛಲೋ ಆತು, ಒಂದಕಿಂತ ಎರಡು ಗಟ್ಟಿ," ಎಂದರು.

ನಾನು ಹಿರೇಮಠರ ಹತ್ತಿರ ಹೋಗಿ ಕೇಳಿದೆ. "ಸರ್, ಒಳಗಿದ್ದವರ ಗತಿ ಏನ್ರಿ?"

"ಅದನ್ನ ಅವರಿಗೆ ಕೇಳ್ರಿ."

ಚೌಗುಲೆಯವರಿಗೆ ಕೇಳಿದೆ.

"ಅದನ್ನ ಅವರಿಗೆ ಕೇಳ್ರಿ ಬಾಯಾರ."

ಆ ಮಳೆಗಾಲವಿಡೀ ಹಾಗೆಯೇ ನಡೆಯಿತು. ಒಳಗಿನಿಂದ ಗಂಟೆ ಬಾರಿಸಿದರೆ ಪರಶುರಾಮ ಮೆಟ್ಟಿಲಿಳಿದು ಚೌಗುಲೆಯವರ ಮೇಜಿನಿಂದ ಒಂದು ಕೀಲಿಕೈ ಇಸಿದುಕೊಂಡು, ತಲೆಯ ಮೇಲೆ ಗೋಣಿಚೀಲದ ಕೊಪ್ಪಿ ಹಾಕಿಕೊಂಡು, ಸುರಿಯುವ ಮಳೆಯಲ್ಲಿ ಅಂಗಳ ದಾಟಿ ಭೌತಶಾಸ್ತ್ರದ ಲ್ಯಾಬಿಗೆ ಓಡಿ ಇನ್ನೊಂದನ್ನು ತರಬೇಕು. ತೆಗೆದ ಮೇಲೆ ಎರಡನ್ನೂ ಅವರವರಿಗೆ ಮುಟ್ಟಿಸಿ ಬರಬೇಕು. "ಕಾಯ್ ಕಟಕಟ ರೀ ಇದು," ಎಂದು ಮರಾಠಿ ಕನ್ನಡ ಎರಡರಲ್ಲೂ ಗೊಣಗುತ್ತಿದ್ದ. ಹಿರೇಮಠರು ಪಾಠದಲ್ಲಿದ್ದರೆ ಪಾಠ ಮುಗಿಯುವವರೆಗೆ ಒಳಗಿನವರು ಒಳಗೇ. ನಾನೂ ಹಾಗೆ ಕೂತಿದ್ದೇನೆ, ಜಾಳಗಿಗೆ ಮೂಗು ಹಚ್ಚಿಕೊಂಡು, ಮೆಟ್ಟಿಲನ್ನು ನೋಡುತ್ತ.

ಬೆಳಗಾವಿಯ ಮಳೆಯನ್ನು ಕಂಡವರಿಗೆ ಗೊತ್ತು. ಅದು ಬಂದು ಹೋಗುವ ಮಳೆಯಲ್ಲ, ಬಂದು ಕೂರುವ ಮಳೆ. ಸೀರೆ ಒಣಗುವುದಿಲ್ಲ, ಉಪ್ಪು ನೀರಾಗುತ್ತದೆ, ಗೋಡೆಗೆ ಕೈ ಹಚ್ಚಿದರೆ ಕೈ ಒದ್ದೆ. ಆ ವರ್ಷ ಮಂಗಗಳ ಹಿಂಡೊಂದು ನಮ್ಮ ಮಾಡಿನ ಹಂಚುಗಳನ್ನು ಸರಿಸಿ ಹೋಗಿತ್ತು. ಕಪಾಟುಗಳ ಬೆನ್ನಿಗೆ ನೀರು ಹನಿಯುತ್ತಿತ್ತು. ಚೌಗುಲೆಯವರು ಹೇಳಿದರು, ಹಿರೇಮಠರೂ ಹೇಳಿದರು, ಪ್ರಿನ್ಸಿಪಾಲರು ಗೌಂಡಿಯನ್ನು ಕರೆಸಿದರು. ಗೌಂಡಿ ಬಂದಾಗ ಚೌಗುಲೆಯವರಿದ್ದರು, ಹಿರೇಮಠರಿರಲಿಲ್ಲ. ಮತ್ತೆ ಬಂದಾಗ ಹಿರೇಮಠರಿದ್ದರು, ಚೌಗುಲೆಯವರು ಬಸದಿಗೆ ಹೋಗಿದ್ದರು. ಎಲೆ ಅಡಿಕೆ ಉಗುಳಿ ಗೌಂಡಿ ನನಗೆ ಹೇಳಿದ, "ಬಾಯಾರ, ನಿಮ್ಮ ಕೀಲಿ ಎರಡೂ ಕೂಡಿದ ದಿನ ಹೇಳಿ ಕಳಸ್ರಿ." ಅವನು ಮೂರನೆಯ ಸಲ ಬರಲಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ಬರುತ್ತಿರಲಿಲ್ಲ.

ನುಣುಪು ಹಾಳೆ ನೀರು ಕುಡಿದರೆ ಉಬ್ಬುತ್ತದೆ. ಒತ್ತೊತ್ತಾಗಿ ತುಂಬಿದ ಸಾಲಿನಲ್ಲಿ ಉಬ್ಬಲು ಜಾಗವಿಲ್ಲದಾಗ ಪಕ್ಕದ ಹಲಗೆಯನ್ನು ದೂಡುತ್ತದೆ. ಒಂದು ಸಾಲಿನ ಸಂಪುಟಗಳೆಲ್ಲ ಕೂಡಿ ದೂಡಿದರೆ ಮೊಳೆಗಳು ಮೆಲ್ಲಗೆ ಹೊರಗೆ ಬರುತ್ತವೆ. ಇದು ಆಮೇಲೆ ತಿಳಿದ ವಿಷಯ. ಆಗ ನಮಗೆ ಕಂಡದ್ದು ಇಷ್ಟೇ: ಸಂಪುಟವನ್ನು ಹೊರಗೆಳೆಯಲು ಎರಡೂ ಕೈ ಬೇಕಾಗುತ್ತಿತ್ತು.

ಕಸ್ತೂರಿ ಪಾರಿಶ್ವಾಡದ ರೈತರ ಮಗಳು. ಬಿ.ಎಸ್ಸಿ. ಕೊನೆಯ ವರ್ಷ. ಖಾನಾಪುರದಲ್ಲಿ ಚಿಕ್ಕವ್ವನ ಮನೆಯಲ್ಲಿದ್ದುಕೊಂಡು ದಿನಾ ರೈಲಿನಲ್ಲಿ ಬರುತ್ತಿದ್ದಳು. ಭತ್ತದ ಗದ್ದೆಯ ಕಳೆಗಳ ಬಗ್ಗೆ ಒಂದು ಪ್ರಬಂಧ ಬರೆಯಲು ನಾನೇ ಹಚ್ಚಿದ್ದೆ. ಹಿರೇಮಠರು ಹೇಳುತ್ತಿದ್ದರಲ್ಲ, ಕೈಯಾಡಿಸಿ ಓದುವುದು, ಅದನ್ನು ನಿಜವಾಗಿ ಮಾಡಿದವಳು ಅವಳೊಬ್ಬಳೇ. ಒಂದು ಕಳೆಯ ಚಿತ್ರ ಹುಡುಕಲು ಹೋಗಿ ಇನ್ನೊಂದರಲ್ಲಿ ಮುಳುಗುತ್ತಿದ್ದಳು. "ನಮ್ಮ ಹೊಲದಾಗ ಇದಕ್ಕ ಬ್ಯಾರೆ ಹೆಸರು ಐತ್ರಿ ಬಾಯಾರ," ಎಂದು ನಗುತ್ತಿದ್ದಳು. ಸಂಜೆಯ ಗಾಡಿ ಹಿಡಿಯಬೇಕಾದ್ದರಿಂದ ಅವಳ ಓದೆಲ್ಲ ಮಧ್ಯಾಹ್ನ.

ನಾಗರ ಪಂಚಮಿ ಹತ್ತಿರ ಬಂದಿತ್ತು. ಅವತ್ತು ಮಧ್ಯಾಹ್ನ ನಾವಿಬ್ಬರೂ ಒಟ್ಟಿಗೆ ಮೇಲೆ ಹೋದೆವು. ನನ್ನ ಕೆಲಸ ಬೇಗ ಮುಗಿಯಿತು. ಗಂಟೆ ಬಾರಿಸಿದೆ. ಪರಶುರಾಮ ನೆನೆದುಕೊಂಡು ಎರಡೂ ಕೀಲಿಕೈ ತಂದು ನನ್ನನ್ನು ಹೊರಗೆ ಬಿಟ್ಟ. ಕಸ್ತೂರಿ ಮೇಜಿನಿಂದ ತಲೆ ಎತ್ತದೆ ಕೈಬೀಸಿದಳು. ಪರಶುರಾಮ ಎರಡೂ ಕೀಲಿ ಒತ್ತಿದ. "ಎರಡೂ ಯಾಕೋ ಪರಶುರಾಮ? ಒಬ್ಬಾಕಿ ಹುಡುಗಿ ಅದಾಳ," ಎಂದೆ.

"ನಿನ್ನಿ ಒಂದ ಹಾಕಿದ್ದಕ್ಕ ಹಿರೇಮಠ ಸರ್ ಅಂಗಳದಾಗ ನಿಂತ ಬೈದ್ರು ಬಾಯಾರ. ನನಗ್ಯಾಕ ಬೇಕ್ರಿ."

ಅವನು ಕೀಲಿಕೈ ಮುಟ್ಟಿಸಲು ಹೋದ. ಮಳೆ ಜೋರಾಯಿತು. ನನ್ನ ಕೊಡೆ ಸ್ಟಾಫ್ ರೂಮಿನಲ್ಲಿತ್ತು. ತುಸು ಕಡಿಮೆಯಾಗಲಿ ಎಂದು ಮೇಲಿನ ಚೌಕದಲ್ಲೇ ನಿಂತೆ. ಅಲ್ಲಿಯ ಕಿಂಡಿಯಿಂದ ನೋಡಿದರೆ ಹಿರೇಮಠರು ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಚೀಲ ಹಿಡಿದು ಸ್ಟೇಶನ್ನಿನ ಕಡೆಗೆ ದಾಪುಗಾಲು ಹಾಕುತ್ತಿದ್ದರು. ಖಾನಾಪುರದಲ್ಲಿ ಅವರ ತಂಗಿಯ ಮನೆ, ಪಂಚಮಿಗೆ ಅವಳನ್ನು ತವರಿಗೆ ಕರೆಯಲು ಹೊರಟಿರಬೇಕು ಎಂದುಕೊಂಡೆ. ಈ ವಯಸ್ಸಿಗೆ ಎಷ್ಟು ಜೋರು ನಡೆಯುತ್ತಾರಲ್ಲ ಎಂದೂ ಅನ್ನಿಸಿತು. ಕೀಲಿಕೈ ನೆನಪಾಗಲಿಲ್ಲ.

ಇಲ್ಲಿಂದ ಮುಂದಿನದು ನನ್ನ ಕಣ್ಣೆದುರು ಈಗಲೂ ಬರುತ್ತದೆ, ಕರೆಯದೆ. ಮಳೆ ಅವತ್ತು ನಿಂತಿದ್ದರೆ ನಾನು ಇಳಿದು ಹೋಗಿಬಿಡುತ್ತಿದ್ದೆ. ಗಂಟೆಯ ಹಗ್ಗ ಬಾಗಿಲ ಬಳಿ, ಅವಳಿದ್ದದ್ದು ಕಿಟಕಿಯ ಬಳಿ. ಹಂಚಿನ ಮೇಲೆ ಬೀಳುವ ಆ ಮಳೆಯ ಸದ್ದಿನಲ್ಲಿ ಕೆಳಗಿನವರಿಗೆ ಏನೂ ಕೇಳಿಸುತ್ತಿರಲಿಲ್ಲ.

ಮೊದಲು ಬಂದದ್ದು ಒಣಕಟ್ಟಿಗೆ ಸೀಳಿದಂಥ ಸದ್ದು. ಆಮೇಲೆ ದಪ್ ದಪ್ ಎಂದು ಒಂದರ ಮೇಲೊಂದು ಏನೋ ಬಿದ್ದದ್ದು. ತಿರುಗಿದೆ. ಜಾಳಗಿಯೊಳಗೆ ನಡುವಿನ ಕಪಾಟಿನ ಪಕ್ಕದ ಹಲಗೆ ಕಿತ್ತುಬಂದು, ಸಾಲುಸಾಲು ಸಂಪುಟಗಳು ಚೆಲ್ಲುತ್ತಿದ್ದವು. ಆ ಕಪಾಟು ನಿಧಾನವಾಗಿ, ನಿದ್ದೆ ಬಂದವರ ಹಾಗೆ ವಾಲಿತು. ಮುಂದಿನದಕ್ಕೆ ಒರಗಿತು. ಮುಂದಿನದು ಕಿಟಕಿಯ ಕಡೆಗೆ ವಾಲಿ ಮೇಜಿನ ಅಂಚಿಗೆ ಬಡಿದು ನಿಂತಿತು. ಧೂಳು ಏಳಲಿಲ್ಲ. ಎಲ್ಲ ಒದ್ದೆಯಾಗಿತ್ತು. ಆ ವಾಸನೆ ಮಾತ್ರ ಒಮ್ಮೆಲೇ ಮುಖಕ್ಕೆ ಹೊಡೆಯಿತು.

"ಕಸ್ತೂರೀ!"

ಒಂದು ಚಪ್ಪಲಿ ಕಾಣುತ್ತಿತ್ತು. ಮತ್ತೆ ಕೂಗಿದೆ. ಮೇಜಿನ ಕೆಳಗಿನಿಂದ ದನಿ ಬಂತು. "ಇಲ್ಲೇ ಅದೇನ್ರಿ ಬಾಯಾರ. ಕಾಲು ಸಿಕ್ಕೊಂಡೈತ್ರಿ." ಆ ದನಿ ಪಾಠದಲ್ಲಿ ಉತ್ತರ ಹೇಳುವಾಗಿನಷ್ಟೇ ಮೆತ್ತಗಿತ್ತು. ಅದೇ ನನ್ನನ್ನು ಹೆಚ್ಚು ಹೆದರಿಸಿತು. ಎರಡು ಕಪಾಟುಗಳ ಭಾರ ಒಂದು ಹಳೆಯ ಮೇಜಿನ ಮೇಲೆ ಕೂತಿತ್ತು, ಮೇಜು ಕಿರುಗುಡುತ್ತಿತ್ತು.

ನಾನು ಕೂಗಿಕೊಂಡದ್ದಕ್ಕೆ ಪರಶುರಾಮ ಓಡಿಬಂದ. ಒಳಗೆ ನೋಡಿ "ಅರೇ ದೇವಾ" ಎಂದವನೇ ಕೆಳಗೆ ಬಾಗಿ ಚೌಗುಲೆಯವರನ್ನು ಕರೆದ. ಅವರು ಬಂದರು. ಗೊಂಚಲಿನಲ್ಲಿ ಕೀಲಿಕೈ ಹುಡುಕಿದರು. ತಮ್ಮ ಕೀಲಿ ತೆಗೆದರು. ತೆಗೆದು ಒಂದು ಹೆಜ್ಜೆ ಹಿಂದೆ ಸರಿದು ನಿಂತರು.

"ನಂದು ತಗದೇನಿ," ಎಂದರು.

ಆ ಮಾತನ್ನು ನಾನು ಸಾಯುವ ತನಕ ಮರೆಯಲಾರೆ.

"ಇನ್ನೊಂದು?"

"ಅದು ಹಿರೇಮಠರದು."

ಆಗ ನನಗೆ ನೆನಪಾಯಿತು. ಅದೇ ಹೊತ್ತಿಗೆ ಗೇಟಿನ ಹತ್ತಿರ ಗಾಡಿ ಸಿಳ್ಳೆ ಹಾಕಿತು. ಖಾನಾಪುರದ ಗಾಡಿ. ಕೀಲಿಕೈ ಹೊರಟುಹೋಯಿತು.

"ಒಡೀರಿ ಅದನ್ನ!"

"ಒಡದ್ರ ನಾಳೆ ಏನಂತಾರ ಗೊತ್ತೈತೇನ್ರಿ ಬಾಯಾರ? ಮೊದಲಿಂದ ಇದಕ್ಕ ಹಾದಿ ಕಾಯತಿದ್ದ ಅಂತಾರ. ಪ್ರಿನ್ಸಿಪಾಲರ ಒಂದು ಮಾತು ಬರಲಿ, ನಾನ ಒಡೀತೀನಿ." ಅವರು ಕೆಟ್ಟವರಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡೇ ಇದನ್ನು ಹೇಳುತ್ತಿದ್ದರು. ಅದನ್ನು ನೆನೆದರೆ ನನಗೆ ಇನ್ನಷ್ಟು ಸಿಟ್ಟು ಬರುತ್ತದೆ.

ಪ್ರಿನ್ಸಿಪಾಲರು ಬಂದರು, ಮೆಟ್ಟಿಲ ಬುಡದ ತನಕ. ಅಲ್ಲಿಂದಲೇ ಮುಖ ಎತ್ತಿ, "ಯಾರ ಕೀಲಿ ಅದು?" ಎಂದು ಕೇಳಿದರು.

"ಹಿರೇಮಠರದ್ರಿ ಸಾಹೇಬ್ರ," ಎಂದರು ಚೌಗುಲೆ.

"ಅವರು ಎಲ್ಲದಾರ?"

"ಖಾನಾಪುರಕ್ಕ ಹೋಗ್ಯಾರ್ರಿ," ಎಂದೆ.

"ಹಂಗಾರ ಅಲ್ಲಿಯ ಸ್ಟೇಶನ್ ಮಾಸ್ತರರಿಗೆ ಫೋನ್ ಮಾಡೂಣೇನು?"

ಒಳಗೆ ಇನ್ನೊಂದು ಸಂಪುಟ ದಪ್ಪೆಂದು ಬಿತ್ತು. ಮೇಜು ಮತ್ತೆ ಕಿರುಗುಟ್ಟಿತು. ಕಸ್ತೂರಿ ಈ ಸಲ "ಬಾಯಾರ" ಎನ್ನಲಿಲ್ಲ, "ಯವ್ವಾ" ಎಂದಳು.

ಯಾರ ಮಾತಿಗೂ ಕಾಯದೆ ಪರಶುರಾಮ ಹಿತ್ತಾಳೆಯ ಗಂಟೆಯನ್ನು ಕೊಕ್ಕೆಯಿಂದ ಕಿತ್ತು ಅದರಿಂದಲೇ ಕೀಲಿಗೆ ಹೊಡೆಯತೊಡಗಿದ. ಗಂಟೆ ಸೀಳಿತು. ಕೀಲಿಗೆ ಗೀರೂ ಬೀಳಲಿಲ್ಲ, ರವಿವಾರ ಪೇಟೆಯ ಮಾಲು ಅಷ್ಟು ಗಟ್ಟಿ. ನಾನು ಏನು ಮಾಡಬೇಕೆಂದು ತಿಳಿಯದೆ ಜಾಳಗಿಯನ್ನು ಎರಡೂ ಕೈಯಿಂದ ಹಿಡಿದು ಅಲುಗಾಡಿಸುತ್ತಿದ್ದೆ, ಪಂಜರದೊಳಗೆ ನಾನೇ ಇದ್ದವಳ ಹಾಗೆ. ಆಗ ಜಾಳಗಿಯ ಕೆಳಮೂಲೆ ನನ್ನ ಕೈಗೆ ಬಂತು.

ಬರೀ ಬಂತು. ನೆನೆದ ಭಾಕರಿಯಿಂದ ಚೂರು ಮುರಿದ ಹಾಗೆ. ಚೌಕಟ್ಟಿನ ಕಟ್ಟಿಗೆ ಆ ಮಳೆಗಾಲವಿಡೀ ನೀರು ಕುಡಿದು ಹಿಟ್ಟಾಗಿತ್ತು. ಮೊಳೆಗಳು ಬೆರಳಿನಿಂದ ತೆಗೆಯುವಷ್ಟು ಸಡಿಲ. ನಾವೆಲ್ಲ, ಇಷ್ಟೊಂದು ಓದಿದವರು, ಎರಡು ಕೀಲಿಗಳನ್ನು ಸುತ್ತುಗಟ್ಟಿ ನೋಡುತ್ತ ನಿಂತಿದ್ದೆವು. ಪಕ್ಕದಲ್ಲಿ ಬಾಗಿಲೆಂಬುದೇ ಉಳಿದಿರಲಿಲ್ಲ.

"ಪರಶುರಾಮ, ಕೀಲಿ ಬಿಡೋ, ಇದನ್ನ ಎಳಿ!"

ಇಬ್ಬರೂ ಎಳೆದೆವು. ಚೌಗುಲೆಯವರೂ ಬಂದು ಕೈ ಹಚ್ಚಿದರು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ತಂತಿ ಅಂಗೈಯನ್ನು ಕೊಯ್ಯಿತು. ಒಬ್ಬರು ತೂರುವಷ್ಟು ಸಂದಾಯಿತು. ನಾನು ಸೊಂಟದವರೆಗೆ ಒಳಗೆ ತೂರಿ ಬಿದ್ದ ಸಂಪುಟಗಳ ಮೇಲೆ ಬೋರಲಾಗಿ ಮಲಗಿ ಕೈ ಚಾಚಿದೆ. ವಾಲಿದ ಕಪಾಟು ನನ್ನ ತಲೆಯ ಮೇಲೇ ಇತ್ತು. "ಕಾಲು ಜಗ್ಗು, ನೋವಾದ್ರೂ ಜಗ್ಗು," ಎಂದೆ. ಅವಳು ಜಗ್ಗಿದಳು. ಆಗ ಅವಳು ಕೂಗಿದ್ದನ್ನು ಬರೆಯಲು ನನಗೆ ಆಗುವುದಿಲ್ಲ. ಗೋಡೆಯ ಅಂಚಿಗೆ ತೆವಳುತ್ತ ಬಂದಳು. ಮೊದಲು ಬೆರಳು, ಆಮೇಲೆ ಮಣಿಕಟ್ಟು ನನ್ನ ಕೈಗೆ ಸಿಕ್ಕಿತು. ಪರಶುರಾಮ ಹಿಂದಿನಿಂದ ನನ್ನನ್ನು ಎಳೆದ, ನಾನು ಅವಳನ್ನು ಎಳೆದೆ.

ಇಬ್ಬರೂ ಚೌಕದ ಮೇಲೆ ಬಂದು ಬಿದ್ದೆವು. ಅವಳ ಎಡಗಾಲು ಇರಬಾರದ ಕಡೆಗೆ ತಿರುಗಿತ್ತು. ತುಟಿ ಬಿಳುಚಿತ್ತು. ಅವಳ ಮೊದಲ ಮಾತು ಇದು:

"ಬಾಯಾರ, ಪುಸ್ತಕ ಜಾಗಾದಾಗ ಇಡಾಕ ಆಗಲಿಲ್ರಿ. ತಗದದ್ದು ಮತ್ತ ಒಳಗ ಹೋಗಲೊಲ್ದು. ಎಷ್ಟು ಒತ್ತಿದ್ರೂ ಹೋಗಲೊಲ್ದು. ಗಾಡಿಗೆ ಹೊತ್ತಾಗತಿತ್ತು. ಇಡಲಾರದ ಗಂಟಿ ಹೆಂಗ ಬಾರಸ್ಲಿ ಅಂತ ಭುಜಾ ಕೊಟ್ಟು ಒತ್ತಿದ್ನಿರಿ. ಹಲಗಿ ಕಿತ್ತು ಬಂತು, ಮೇಜಿನ ಕೆಳಗ ಓಡಿದ್ನಿರಿ."

ಅಷ್ಟರಲ್ಲಿ ಒಳಗೆ ಮೇಜಿನ ಕಾಲು ಮುರಿಯಿತು. ಎರಡೂ ಕಪಾಟು ಒಟ್ಟಿಗೆ ನೆಲಕ್ಕೆ ಬಿದ್ದವು. ಅಟ್ಟ ಅದುರಿತು. ಮೆಟ್ಟಿಲ ಬುಡದಿಂದ ಪ್ರಿನ್ಸಿಪಾಲರು, "ಏನಾತ್ರಿ?" ಎಂದರು.

ಅವಳನ್ನು ಆಸ್ಪತ್ರೆಗೆ ಸೇರಿಸಿ, ಅವಳ ಚಿಕ್ಕವ್ವನಿಗೆ ಹೇಳಿ ಕಳಿಸಿ, ನನ್ನ ಅಂಗೈಗೆ ಪಟ್ಟಿ ಹಾಕಿಸಿಕೊಂಡು ಮನೆಗೆ ಹೋದೆ. ಮರುದಿನ ಬೆಳಿಗ್ಗೆ ಕಾಲೇಜಿಗೆ ಬಂದಾಗ ಹಿರೇಮಠರು ಬಂದಾಗಿತ್ತು. ಮೇಲಿನ ಚೌಕದಲ್ಲಿ ಒಬ್ಬರೇ ನಿಂತಿದ್ದರು. ಅಷ್ಟರಲ್ಲಿ ಉಳಿದ ಜಾಳಗಿಯೂ ಕಿತ್ತುಬಂದು ಸುರುಳಿಯಾಗಿ ಒಂದು ಪಕ್ಕಕ್ಕೆ ಬಿದ್ದಿತ್ತು. ಆನೆಯಲ್ಲದಿದ್ದರೂ ಎಮ್ಮೆ ತೂರುವಷ್ಟು ಸಂದು. ಅವರು ಕಿಸೆಯಿಂದ ಕೀಲಿಕೈ ತೆಗೆದು, ಚಿಲಕದಲ್ಲಿ ತೂಗುತ್ತಿದ್ದ ತಮ್ಮ ಕೀಲಿಯನ್ನು ತೆಗೆದು, ಬಾಗಿಲನ್ನು ದೂಡಿ, ಬಾಗಿಲ ಮೂಲಕವೇ ಒಳಗೆ ಹೋದರು. ನನ್ನನ್ನು ನೋಡಿ ಏನೋ ಹೇಳಲು ಬಾಯಿ ತೆರೆದರು. ದನಿ ಬರಲಿಲ್ಲ. ಅಂಗಳ ದಾಟಿ ಕೇಳುತ್ತಿದ್ದ ದನಿ.

ಬಂದಿದ್ದರೆ ಚೆನ್ನಾಗಿತ್ತು ಎನ್ನಲಾರೆ. ಮುಂದಿನ ಸಭೆಗೆ ಅದು ತಿರುಗಿ ಬಂದಿತ್ತು. "ಕೀಲಿ ಇರಲಾರದಿದ್ರ ಹಿಂಗ ಆಗತಿತ್ತೇನು? ನಾ ಮೊದಲ ಹೇಳಿದ್ನಿ," ಎಂದರು ಹಿರೇಮಠರು. "ಒಳಗ ಬಿಡಲಾರದಿದ್ರ ಹಿಂಗ ಆಗತಿತ್ತೇನು? ನಾ ಮೊದಲ ಹೇಳಿದ್ನಿ," ಎಂದರು ಚೌಗುಲೆ. ಆ ಹುಡುಗಿಯ ಹೆಸರನ್ನು ಇಬ್ಬರಲ್ಲಿ ಒಬ್ಬರೂ ಎತ್ತಲಿಲ್ಲ. ಪ್ರಿನ್ಸಿಪಾಲರು ಎರಡೂ ಕೈ ಎತ್ತಿದರು. ಅವರು ಬಾಯಿ ತೆರೆಯುವ ಮೊದಲೇ ನಾನು ಎದ್ದು ಹೊರಗೆ ಬಂದೆ. ಚಹಾ ಹೇಳಿ ಕಳಿಸಲಿಲ್ಲ. ಒದ್ದೆ ಸಂಪುಟಗಳು ಅಂಟಿಕೊಂಡು ಇಟ್ಟಿಗೆಯಾಗಿದ್ದವು, ರದ್ದಿಗೆ ಹೋದವು. ಹಾಳೆ ಕೊಯ್ದವರು ಕೊಯ್ದದ್ದು ಅದರ ಮುಂದೆ ಏನೂ ಅಲ್ಲ. ಖೋಲಿಯನ್ನು ಖಾಯಂ ಆಗಿ ಮುಚ್ಚಿದರು. ಯಾವ ಕೀಲಿ ಹಾಕಿದರೋ ನಾನು ಹೋಗಿ ನೋಡಲಿಲ್ಲ.

ಹತ್ತು ವರ್ಷದ ಹತ್ತಿರ ಬಂತು. ಈಗಲೂ ಸಿನೆಮಾ ಥೇಟರಿಗೆ ಹೋದರೆ, ಮದುವೆ ಮಂಟಪಕ್ಕೆ ಹೋದರೆ, ಮೊದಲು ಬಾಗಿಲ ಚಿಲಕ ನೋಡುತ್ತೇನೆ. ರೈಲು ಸಿಳ್ಳೆ ಹಾಕಿದರೆ ಅಂಗೈ ತಾನಾಗಿ ಮುಷ್ಟಿಯಾಗುತ್ತದೆ.

ಖಾನಾಪುರದ ಆ ಗ್ರಂಥಾಲಯದಲ್ಲಿ ಕಸ್ತೂರಿಯ ಹಿಂದೆ ಕೊನೆಗೂ ಒಳಗೆ ಹೋದೆ. ಅವಳ ಎಡಗಾಲು ಈಗಲೂ ತುಸು ಎಳೆಯುತ್ತದೆ. ನಿಯತಕಾಲಿಕಗಳಿಗೆ ಪ್ರತ್ಯೇಕ ಖೋಲಿ. ಗೋಡೆಗೆ ತಿರುಪು ಹಾಕಿ ಕಟ್ಟಿದ ಎದೆಮಟ್ಟದ ಕಪಾಟುಗಳು, ಸಾಲುಗಳಲ್ಲಿ ಕೈ ತೂರುವಷ್ಟು ಸಡಿಲ. ಚೌಕಟ್ಟಿನಲ್ಲಿ ತಿರುಗಣಿಯ ಗುರುತಿತ್ತು, ಬಾಗಿಲಿರಲಿಲ್ಲ.

"ಬಾಗಲಾ ಎಲ್ಲಿ?" ಎಂದೆ.

"ತಗಸೇನ್ರಿ."

ಅಲ್ಲೇ ಕೂತಿದ್ದ ತರುಣ ಗ್ರಂಥಪಾಲ ನನ್ನಲ್ಲಿ ನ್ಯಾಯ ಸಿಗಬಹುದೆಂದು ದೂರು ಶುರುಮಾಡಿದ. "ನೀವರ ಹೇಳ್ರಿ ಮೇಡಂ ಇವರಿಗೆ. ಕ್ರಿಕೆಟ್ಟಿನ ಚಿತ್ರ ಒಂದೂ ಉಳದಿಲ್ಲ. ಸಂಚಿಕಿ ಸಂಚಿಕೀನ ಹೋಗತಾವ. ಒಂದು ಜಾಳಗಿ ಬಾಗಲಾ ಹಚ್ಚೂಣಂದ್ರ ಕೇಳಂಗಿಲ್ಲ."

"ಹೋಗತಾವ," ಎಂದಳು ಕಸ್ತೂರಿ. "ಹೋದಾಗೆಲ್ಲ ಬಾಯಿಗೆ ಬಂದಂಗ ಬೈತೀನಿ. ಮತ್ತ ತರಸ್ತೀನಿ. ಜಾಳಗಿ ಸುದ್ದಿ ಮಾತ್ರ ನನ್ನ ಮುಂದ ತಗೀಬ್ಯಾಡ."

ಅವಳು ಚಹಾಕ್ಕೆ ಹೇಳಲು ಹೋದಾಗ ನಾನು ಒಂದು ಸಂಪುಟ ತೆಗೆದು, ಚೌಕಟ್ಟು ಕಾಣುವ ಕಡೆಗೆ ಮುಖ ಮಾಡಿ ಕೂತೆ. ಯಾವುದೋ ಜರಿಗಿಡದ ಚಿತ್ರ. ಎಷ್ಟೋ ವರ್ಷಗಳ ಮೇಲೆ ಸುಮ್ಮನೆ ಹಾಳೆ ತಿರುವಿದೆ. ಗೌಂಡಿ ಬಂದು ಮಾಡು ಹತ್ತಿದ ಸದ್ದು ಕೇಳಿಸಿತು. ಆಮೇಲೆ ಎದ್ದು, ಹಳೆಯ ರೂಢಿಯಂತೆ, ಸಂಪುಟವನ್ನು ಅದರ ಜಾಗದಲ್ಲಿಡಲು ಕಪಾಟಿನತ್ತ ಕೈ ಚಾಚಿದೆ.

"ಇಡಬ್ಯಾಡ್ರಿ!"

ಕಸ್ತೂರಿ ಎರಡೂ ಕೈಯಲ್ಲಿ ಚಹಾದ ಕಪ್ಪು ಹಿಡಿದು ಚೌಕಟ್ಟಿನಲ್ಲಿ ನಿಂತಿದ್ದಳು. ಮೇಜಿನ ಕೆಳಗೆ ಸಿಕ್ಕಿಕೊಂಡು ಕರೆದಾಗಲೂ ಅವಳ ದನಿ ಇಷ್ಟು ಏರಿರಲಿಲ್ಲ. ಬಸಿಯಲ್ಲಿ ಚಹಾ ತುಳುಕಿತ್ತು. ಗ್ರಂಥಪಾಲ ತಲೆ ಎತ್ತಲಿಲ್ಲ, ಅವನಿಗೆ ಇದು ರೂಢಿಯಾಗಿರಬೇಕು.

"ಅಲ್ಲೇ ಬಿಡ್ರಿ ಬಾಯಾರ," ಎಂದಳು, ಈ ಸಲ ಮೆಲ್ಲಗೆ. "ಇಲ್ಲಿ ಯಾರೂ ತಿರುಗಿ ಇಡಂಗಿಲ್ರಿ. ಹೆಂಗ ಐತಿ ಹಂಗ ಮೇಜಿನ ಮ್ಯಾಲೆ ಬಿಟ್ಟು, ಸುಮ್ಮ ಹೊರಗ ಬರೂದು."

ಸಂಪುಟವನ್ನು ಮೇಜಿನ ಮೇಲೆ ಹಾಗೇ ಬಿಟ್ಟೆ. ಸುಮ್ಮನೆ ಹೊರಗೆ ಬಂದೆ.